ಮುಟ್ಟಬೇಡಿ

ಮಂಡ್ಯದ ಗುತ್ತಲು ರಸ್ತೆ, ಹಳೇ ಗೋದಾಮು.
ಒಂದು ಮೇಜು, ಅಂಚಿಗೊಂದು ಚೀಟಿ:
‘ಇದು ಅಚ್ಚು ಬೆಲ್ಲ. ಮುಟ್ಟಬೇಡಿ.’
ಮೇಜಿನ ಮೇಲೆ ಏನೂ ಇಲ್ಲ.
ಇಟ್ಟುಹೋದವಳು ಮೈಸೂರಿನ ಚಿತ್ರಶಾಲೆ ಹುಡುಗಿ;
ಕಾಯೋ ಕೆಲಸ ನಂದು.

ಮಂಡಿಯಲ್ಲಿ ತೂಕ ಹಾಕೋ ಬೋರಲಿಂಗ ಬಗ್ಗಿ ನೋಡಿ
‘ಬಿಳುಪು ಜಾಸ್ತಿ, ಮದ್ದು ಹಾಕವ್ರೆ’ ಅಂದ.
ಕಾಲೇಜು ಮೇಷ್ಟರು ಚೀಟಿಯನ್ನೇ ಮೂರು ಸಲ ಓದಿ
ಕನ್ನಡಕ ಒರೆಸಿಕೊಂಡು ಹೋದರು.
ಚೆಲುವಾಜಮ್ಮ
ಸುತ್ತು ಬಂದು, ಗಾಳಿ ಮೂಸಿ,
ಯಾವ ಆಲೆಮನೇದು ಅಂತ ಹೇಳಿಬಿಟ್ಟಳು.
ಅದು ಮುಚ್ಚಿ ಹದಿನೆಂಟು ವರ್ಷ.

ಸಂಜೆ ಬೀಗ ಹಾಕುವಾಗ
ಒಂದೇ ಒಂದು ಇರುವೆ
ಮೇಜಿನ ಕಾಲು ಹತ್ತುತ್ತಿತ್ತು.
ಒರೆಸಲೋ, ಬಿಡಲೋ?
ಅದಕ್ಕೂ ಓದು ಬರುತ್ತೆ ಅಂತ
ನಂಗೆ ಯಾರೂ ಹೇಳಿರಲಿಲ್ಲ.