ಸಂದು

ಭದ್ರಾವತಿಯ ಕಾಗದ ಕಾರ್ಖಾನೆ ಕಾಲೊನಿ,
ಹಳೇ ಸಿಮೆಂಟು ಅಂಕಣ. ನಿನ್ನೆ ಬಳಿದ ಬಿಳಿ ಗೆರೆ
ಇನ್ನೂ ಬೂಟಿಗೆ ಅಂಟುತ್ತದೆ.

"ಚೆಂಡು ನೋಡೋಕೆ ಮುನ್ನೂರು ಜನ ಬರ್ತಾರೆ.
ನೀನು ಸಂದು ನೋಡು, ನಫೀಸಾ"
ಅಂದಿದ್ದರು ಕುಬೇರಪ್ಪ ಮೇಷ್ಟ್ರು,
ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆದು ತೋರಿಸುತ್ತ.
ಬುಟ್ಟಿಯ ನೇರ ಕೆಳಗೆ ನಿಲ್ಲಬೇಡ,
ಅಲ್ಲಿಂದ ಕಾಣೋದು ಬರೀ ಬೆನ್ನು.
ಓಡು, ಆದರೆ ತೀರ್ಪಿಗೆ ಮುಂಚೆ ನಿಲ್ಲು;
ಓಡೋ ಕಣ್ಣು ಸುಳ್ಳು ಹೇಳುತ್ತೆ.
ಹಿಮ್ಮುಖ ಓಡಿ ಕಳಕೊಂಡೆ ನೋಡು ಇದನ್ನ, ಎಂದು
ಪ್ಯಾಂಟು ಮಡಚಿ, ಮಂಡಿಯ ಹೊಲಿಗೆ ತೋರಿಸಿ
ಯಾರದೋ ಕಥೆ ಎಂಬಂತೆ ನಕ್ಕಿದ್ದರು.

ಇವತ್ತು ಸೀಟಿ ನನ್ನದು.
ಮೂರನೇ ಕ್ವಾರ್ಟರ್. ಸಾಗರದ ಹುಡುಗಿಯರು ನುಗ್ಗಿ ಬಂದರು.
ಮುಖ ಆಟದ ಕಡೆಗೇ ಇಟ್ಟು
ಗೆರೆಯಾಚೆ ಏಡಿಯ ಹಾಗೆ ಓರೆಯಾಗಿ ಓಡಿದೆ.
ಹನ್ನೊಂದನೇ ನಂಬರು ಹಾರಿದಳು.
ನಾನು ಎಡಕ್ಕೆ ಒಂದು ಹೆಜ್ಜೆ,
ಒಂದೇ.
ಎರಡು ಮೈಗಳ ನಡುವೆ ಬೆಳಕಿನ ಬಿರುಕು,
ಅದರೊಳಗೆ ನಮ್ಮೂರ ಹುಡುಗಿಯ ಮೊಣಕೈ.
ಹನ್ನೊಂದು ಬಂದು ಬಿದ್ದದ್ದು
ನಾನು ಆಗಷ್ಟೇ ಬಿಟ್ಟ ಜಾಗಕ್ಕೆ.
ಅಲ್ಲಿ ನನ್ನ ಕಾಲು ಇರಲಿಲ್ಲ.

ಸೀಟಿ. ಮುಷ್ಟಿ ಮೇಲೆ.
ಮುನ್ನೂರು ಜನ ಒಟ್ಟಿಗೆ ಬೈದರು,
ನನ್ನ ಮಾವನ ಮಗನೂ.

ಆಮೇಲೆ ಕ್ಯಾಂಟೀನಿನ ಬೆಂಚಲ್ಲಿ
ಮಂಡಕ್ಕಿ ಪೊಟ್ಟಣ ನನ್ನ ಕಡೆ ಸರಿಸಿ
ಮೇಷ್ಟ್ರು ಆ ಫೌಲಿನ ಮಾತೇ ಎತ್ತಲಿಲ್ಲ.
"ಕೊನೇ ನಿಮಿಷದಲ್ಲಿ ಚೆಂಡು ನೋಡಿದೆ ನೀನು" ಅಂದರು.

ಹೌದು ಸಾರ್, ಅಂದೆ.
ಅಷ್ಟು ಚೆಂದ ಹೋಯ್ತು ಅದು,
ಬಲೆಗೂ ಗೊತ್ತಾಗದ ಹಾಗೆ.