ಮೇಲಿನ ಕೋಣೆಗೆ ಹದಿನಾರು ಆಂಪು

ಅಕ್ಮಲ್ ಕಿವಿಯ ಸಂದಿಂದ ಪೆನ್ಸಿಲ್ಲು ತೆಗೆದು
ಮೇಲಿನ ಕೋಣೆಯ ಹಸಿ ಗೋಡೆಗೆ ಆನಿಸಿ ಕೇಳಿದ:
"ಸಾರ್, ಹೀಟರ್ ಪಾಯಿಂಟು ಎಲ್ಲಿ?"

ಬೆಂಗಳೂರಲ್ಲಿ ಹೀಟರಾ ಅಂತ ನಕ್ಕವರೇ ಎಲ್ಲ.
ನಗಲಿ. ಅವರ್‍ಯಾರೂ ಜನವರಿಯ ಬೆಳಗಿನ ಐದಕ್ಕೆ
ಕೋಗಿಲು ಕ್ರಾಸಿನಲ್ಲಿ ಬಸ್ಸು ಕಾದವರಲ್ಲ.
ಡಿಪೋದಲ್ಲಿ ಮೂವತ್ತೊಂದು ವರ್ಷ
ತಣ್ಣಗಿನ ಎಂಜಿನ್ನುಗಳ ಎದೆಗೆ ಕಿವಿಯಿಟ್ಟವನು ನಾನು,
ಚಳಿ ಅಂದರೇನು ಅಂತ ಬೆರಳ ಗಿಣ್ಣುಗಳಿಗೆ ಗೊತ್ತು.

ಆದರೆ ಪಾಯಿಂಟು ನನಗಲ್ಲ. ತಂಗಿಗೆ.
ಭಾವ ಹೋದ ಮೇಲೆ ಸುಗಂಧಿ ಏಪ್ರಿಲ್ಲಿನಲ್ಲೂ
ಕಾಲುಚೀಲ ಹಾಕುತ್ತಾಳೆ. ಥೈರಾಯ್ಡು ಅಂತಾರೆ ಡಾಕ್ಟರು.
ಅವಳು ಏನೂ ಅನ್ನುವುದಿಲ್ಲ.

ಇಂಜಿನಿಯರ್ ಹುಡುಗಿ ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು:
ಜೋಡಿ ಗೋಡೆ, ನಡುವೆ ಗಾಳಿ. ಜೋಡಿ ಗಾಜು, ನಡುವೆ ಗಾಳಿ.
ತಾರಸಿಗೆ ನಾಲ್ಕಿಂಚು ಫೋಮು, ಅದರ ಮೇಲೆ ಬಿಳಿ ಟೈಲು.
"ನಿಮ್ಮನೆ ಒಂದು ಫ್ಲಾಸ್ಕು, ಅಂಕಲ್. ಮೇಲಕ್ಕೆ ಏನೂ ಬೇಡ,
ಕೆಳಗೆ ಅನ್ನಕ್ಕಿಟ್ಟ ಬಿಸಿಯೇ ಮೆಟ್ಟಿಲು ಹತ್ತುತ್ತೆ."

ಹತ್ತುತ್ತೆ, ಒಪ್ಪಿದೆ. ಆದರೆ ಫ್ಲಾಸ್ಕು
ಕಾಫಿ ಕಾಯಿಸುವುದಿಲ್ಲವಲ್ಲ ತಾಯಿ,
ಹಾಕಿದ್ದನ್ನು ಹಿಡಿದಿಡುತ್ತದೆ, ಅಷ್ಟೆ.
ತಣ್ಣೀರು ಹಾಕಿದರೆ ತಣ್ಣೀರನ್ನೂ
ಅಷ್ಟೇ ನಿಯತ್ತಿನಿಂದ.

ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ ಅಲೆದೆ.
ಎಣ್ಣೆ ತುಂಬಿದ, ಹನ್ನೊಂದು ರೆಕ್ಕೆಯದು, ಎರಡು ಸಾವಿರ ವ್ಯಾಟು:
ಇಲಿ ಹಿಡಿಯೋಕೆ ಆನೆ ತಂದಂತೆ.
ನೆಲದಡಿ ತಂತಿ ಹಾಸೋಣವೆಂದರೆ
ಟೈಲ್ಸಿನ ಪೂವರಸನ್ ಕೇಳಿಯೇ ಎದ್ದು ಹೋದ.
ಬಿಸಿ ತಣ್ಣಗೆ ಎರಡೂ ಊದುವ ಏಸಿ ಗೊಂಯ್ ಅನ್ನುತ್ತೆ,
ಅವಳಿಗೆ ಮೊದಲೇ ನಿದ್ದೆ ಕಮ್ಮಿ.
ಕೆಂಪು ಕಡ್ಡಿಯದು ಬೇಡವೇ ಬೇಡ, ಅದರ ಮುಂದೆ ಕೂತವರು
ಯಾರೇ ಆಗಲಿ ಒಂಟಿಯಾಗಿ ಕಾಣುತ್ತಾರೆ, ಯಾಕೋ.

ಕೊನೆಗೆ ಗೋಡೆಗೆ ತೂಗುಹಾಕುವ ತೆಳು ಹಲಗೆ, ನಾನೂರು ವ್ಯಾಟು.
"ಸಾಲಲ್ಲ" ಅಂದ ಅಂಗಡಿಯವ.
"ನಮ್ಮನೆ ನಿನಗೆ ಗೊತ್ತಿಲ್ಲ" ಅಂದೆ,
ತುಸು ಜಂಬದಿಂದಲೇ.

ಅಕ್ಮಲ್‌ಗೆ ಹೇಳಿದೆ: ಕಿಟಕಿ ಪಕ್ಕ, ಮೊಳದೆತ್ತರ,
ಹದಿನಾರು ಆಂಪೇ ಇರಲಿ, ಯಾವುದಕ್ಕೂ.

ಡಿಸೆಂಬರಿಗೆ ಬಂದಳು. ಹೊಲಿಗೆ ಮೆಷಿನ್ನನ್ನು
ಸರಿಯಾಗಿ ಆ ಹಲಗೆಯ ಮುಂದೆಯೇ ಇಟ್ಟಳು.
ಪ್ಲಗ್ಗು ಕಿತ್ತು ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದಳು.
ಕ್ರಿಸ್‌ಮಸ್ಸಿಗೆ ಹಿಂದಿನ ಬೀದಿಯ ಫಿಲೋಮಿನಾ ಮನೆಯ
ಹನ್ನೆರಡು ಬ್ಲೌಸು.
ಊಟವಾದ ಮೇಲೂ ಕಟ ಕಟ ಕಟ,
ನಡುನಡುವೆ ಆವಿಯ ಬುಸ್ಸು.

ಹತ್ತೂವರೆಗೆ ಮೆಟ್ಟಿಲ ತುದಿಯಿಂದ ಕೂಗಿದಳು:
"ಅಣ್ಣಾ, ಈ ಕಿಟಕಿ ಹೇಗೆ ತೆಗೆಯೋದು? ಸೆಕೆ!"

ಜೋಡಿ ಗಾಜು. ಚದರಡಿಗೆ ಎಷ್ಟು ಕೊಟ್ಟೆ ಅಂತ
ಹೆಂಡತಿಗೂ ನಿಜ ಹೇಳಿಲ್ಲ ನಾನು.
ಹೋಗಿ ಹಿಡಿ ತಿರುಗಿಸಿದೆ.
ಬೀದಿಯ ಚಳಿ, ನಾಯಿಯ ಬೊಗಳು, ಇಳಿಯುತ್ತಿದ್ದ ಯಾವುದೋ ವಿಮಾನ
ಎಲ್ಲ ಒಟ್ಟಿಗೆ ಒಳಗೆ ಬಂದವು.

ಅವಳು ಆಗಲೇ ಮತ್ತೆ ಕೂತಿದ್ದಳು,
ಪೆಡಲ್ಲಿನ ಮೇಲೆ ಕಾಲು.
ಬರಿಗಾಲು.