ಹಾಳೆ ಹದಿನೇಳು

ಎಡಿನ್‌ಬರೋದ ಈ ನೆಲಮಾಳಿಗೆಯಲ್ಲಿ
ಹರಿದ ಕಾಗದಕ್ಕೆ ತೇಪೆ ಹಾಕುವುದು ನನ್ನ ಕಸುಬು.
ಗೋಧಿಹಿಟ್ಟಿನ ಅಂಟು, ಜಪಾನಿನ ತೆಳುಹಾಳೆ,
ಕುಂಚ, ಮೂಳೆಯ ಪಟ್ಟಿ, ತೂಕದ ಗುಂಡು.
ಸೋಮವಾರ ಮೊರಾಗ್ ಒಂದು ನಕಾಶೆ ತಂದಿಟ್ಟಳು.
ಹಾಳೆ ಹದಿನೇಳು, ನಡುವೆ ಸೀಳು.
"ನಿಮ್ಮ ಕಡೆಯದೇ ಇರಬೇಕು, ನೋಡು."

ನಮ್ಮ ಕಡೆಯದೇ.
ಹಳೇ ಹುಬ್ಬಳ್ಳಿ, ತೆಗ್ಗಿನ ಪೇಟೆ,
ಪ್ಲೇಗು ಬಂದುಹೋದ ಮರುವರ್ಷ ಅಳೆದದ್ದು,
ನಲವತ್ತು ಅಡಿಗೆ ಒಂದು ಅಂಗುಲ.

ಅಗಸಿಯಿಂದ ಒಳಗೆ ಹೋದೆ,
ಬೆರಳಿಟ್ಟಲ್ಲ, ಶಾಯಿ ಉದುರುತ್ತದೆ, ಕಣ್ಣಿನಿಂದಲೇ.
ಎಡಕ್ಕೆ ಗಾಣಿಗರ ಓಣಿ. ಐದು ಗಾಣ, ಐದು ಸುತ್ತುಗೆರೆ:
ಎತ್ತು ತುಳಿದು ಸವೆಸಿದ ದಾರಿಯನ್ನೂ
ಬಿಡದೆ ಬರೆದಿದ್ದಾನೆ ಪುಣ್ಯಾತ್ಮ.
ಬಲಕ್ಕೆ ಬಳೆಗಾರರು, ಅವರ ಬೆನ್ನಿಗೆ ಬಣಗಾರರು.
ಮುಂದೆ ಮಠದ ಗೋಡೆಯೂ ಮಸೀದಿಯ ಗೋಡೆಯೂ
ಕಿವಿಮಾತು ಆಡುವಷ್ಟು ಹತ್ತಿರ;
ನಡುವಿನ ಸಂದಿಗೆ ಇಲ್ಲಿ ಹೆಸರಿಲ್ಲ.
ಅಜ್ಜಿ ಅದನ್ನು ಹೊಟ್ಟಿ ಎಳಕೊಳ್ಳೋ ಸಂದಿ ಅನ್ನುತ್ತಿದ್ದಳು.

ಅಜ್ಜಿ ಫಕೀರವ್ವನ ನಕಾಶೆಯೇ ಬೇರೆ:
"ಹಿಂಡಿ ವಾಸ್ನಿ ಬರೂತನಾ ಸೀದಾ ನಡಿ.
ಮಗ್ಗದ ಸಪ್ಪಳ ಕೇಳ್ತು ಅಂದ್ರ ದಾರಿ ತಪ್ಪೀದಿ, ಹಿಂದಕ ತಿರುಗು.
ಬೇವಿನ ಗಿಡಕ್ಕ ಆಡು ಕಟ್ಟಿರತೈತಿ, ಅದರ ಎಡಕ್ಕ."
ಆಡು ಸತ್ತು ಅರವತ್ತು ವರ್ಷ ಕಳೆದ ಮೇಲೂ
ನಮ್ಮ ಮನೆ ಅದರ ಎಡಕ್ಕೇ ಇತ್ತು.

ಈ ಹಾಳೆಯ ಮೇಲೆ ಕೆಂಪು ಶಾಯಿ ಬೇರೆ.
ಅಡ್ಡಗೀಟು ಬಿದ್ದ ಮನೆಗಳನ್ನು ಎಣಿಸಿದೆ, ಮೂವತ್ತೊಂದು.
ಗಾಳಿ ಬರಲೆಂದು ಹೆಂಚು ಇಳಿಸಿದವು, ಆಮೇಲೆ ಗೋಡೆ ಇಳಿಸಿದವು.
ಅವುಗಳ ಮೇಲೆ ಪಟ್ಟಿ ಇಟ್ಟು ಎಳೆದ ಎರಡು ನೇರ ಗೆರೆ:
ಮೂವತ್ತು ಅಡಿ ಅಗಲದ ಹೊಸ ರಸ್ತೆ.
ಮಡಿಕೆ ಬಿದ್ದದ್ದೂ ಅಲ್ಲೇ, ಸೀಳಿದ್ದೂ ಅಲ್ಲೇ.
ಎರಡು ದಿನ ಎಳೆಗೆ ಎಳೆ ಕೂಡಿಸುತ್ತ ಕೂತೆ.
ಒಂದು ಬದಿಯ ಹೊಸಿಲು, ಇನ್ನೊಂದು ಬದಿಯ ಪಡಸಾಲೆ.

ಊಟದ ಹೊತ್ತಿಗೆ ಮೇಲೆ ಬಂದರೆ ಇಲ್ಲೂ ಓಣಿಗಳೇ,
ಕಪ್ಪು ಕಲ್ಲಿನವು, ಒದ್ದೆ, ಮೆಟ್ಟಿಲು ಮೆಟ್ಟಿಲು ಇಳಿದು
ಯಾರದೋ ಹಿತ್ತಲಿಗೆ ಮುಗಿಯುವವು.
ಎದುರಿಂದ ಸೈಕಲ್ಲು ತಳ್ಳಿಕೊಂಡು ಒಬ್ಬ ಬಂದ.
ಹೊಟ್ಟೆ ಎಳೆದುಕೊಂಡು ನಿಂತೆ.

ಕೆಳಗೆ, ಬಲಮೂಲೆಯಲ್ಲಿ, ಒಂದು ತೂತು.
ಹುಳ ತಿಂದದ್ದು, ಹೆಬ್ಬೆರಳಿನ ಉಗುರಿನಷ್ಟು.
ಬೇವಿನ ಗಿಡದ ಗುರುತಿನಿಂದ ಅಳೆದು ನೋಡಿದೆ: ನಮ್ಮ ಅಂಗಳ.
ಅಂಗಳದಲ್ಲಿ ಹಗೇವು, ಆಳೆತ್ತರದ ಜೋಳದ ಗುಂಡಿ,
ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಒರಳು.
ಇದು ಯಾವ ಸರಪಳಿಗೂ ಸಿಕ್ಕಿರಲಾರದು.
ಪ್ಲೇಗಿನ ವರ್ಷ ಜ್ವರ ಬಂದವರನ್ನು
ಊರ ಹೊರಗಿನ ಜೋಪಡಿಗೆ ಒಯ್ಯಲು ಸಾಹೇಬರು ಬಂದಾಗ
ಅಜ್ಜಿಯ ಅವ್ವ ನಿಂಬೆವ್ವ
ಒಂಬತ್ತರ ಹುಡುಗಿ ಚನ್ನಿಯನ್ನು ಒಳಗಿಳಿಸಿ
ಮೇಲೆ ಕೂತು ಖಾರ ಕುಟ್ಟಿದಳಂತೆ.
ಸೀನುತ್ತ ನಿಂತ ಸಾಹೇಬನಿಗೆ ಅಂದಳಂತೆ:
"ಏನೂ ಇಲ್ಲರಿ. ಖಾಲಿ ಅಂಗಳ."
ಏಳು ದಿನ. ಎಂಟನೆಯ ದಿನ ಚನ್ನಿ
ಹಸಿವು ಅನ್ನುತ್ತ ಮೇಲೆ ಬಂದಳು; ಬರಲಿಲ್ಲ.
ಅಜ್ಜಿ ಎರಡೂ ಥರ ಹೇಳುತ್ತಿದ್ದಳು,
ಕೇಳಲು ಯಾರು ಕೂತಿದ್ದಾರೆ ನೋಡಿಕೊಂಡು.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ:
ತೂತಿಗೆ ಹಾಳೆ ಕೊಡಬಹುದು, ಗೆರೆ ಕೊಡುವಂತಿಲ್ಲ.
ಬಿಳಿ ತೇಪೆ ಹಾಕಿ, ಒತ್ತಿ, ಗುಂಡು ಇಟ್ಟೆ.

ಶುಕ್ರವಾರ ಮೊರಾಗ್ ಕನ್ನಡಕ ಹಣೆಗೇರಿಸಿ ಬಾಗಿದಳು.
"ಚೆನ್ನಾಗಿ ಕೂತಿದೆ. ಇಲ್ಲಿ ಏನಿತ್ತು, ನಿನಗೆ ಗೊತ್ತೇ?"
ಕೈಯಲ್ಲಿ ಪೆನ್ಸಿಲ್ಲು, ಬರೆದುಕೊಳ್ಳಲು ಪಟ್ಟಿ.
ಒಳ್ಳೆಯವಳು. ಚಳಿಗಾಲದಲ್ಲಿ ನನಗೆ ಕೈಗವಸು ಹೆಣೆದು ಕೊಟ್ಟವಳು.

ಏನೂ ಇಲ್ಲ, ಅಂದೆ.
ಖಾಲಿ ಅಂಗಳ.